‘ಒಂದೇ ಒಂದು ಪ್ರಶ್ನೆ’

ನಮ್ಮ ಆಪಾ ಬಿ.ಕಾಂ. ಮುಗಿಸಿ ಅಂಗಡಿಗಳ ಲೆಕ್ಕ ಬರೆಯುತ್ತಾಳೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಾಳೆ. ನನ್ನ ಕಾಲೇಜು ಫೀಸು ಆ ಸಂಪಾದನೆಯಿಂದಲೇ. ಆದರೆ ಮಗ್ರಿಬ್ ನಮಾಜಿನ ನಂತರ ಬಾಗಿಲು ತಟ್ಟುವವರಿಗೆ ಅವಳು ಬರೀ ಮೊಹಲ್ಲಾದ ಮಗಳು. “ಬಸ್ ಬೇಟಾ, ಏಕ್ ಸವಾಲ್” ಎನ್ನುತ್ತಾರೆ. ಆ ಒಂದು ಪ್ರಶ್ನೆಗೆ ಒಂದು ಗಂಟೆ ಹಿಡಿಯುತ್ತದೆ. ಅಮ್ಮಿ ಚಹಾ ಮಾಡುತ್ತಾರೆ, ಆಪಾಳ ಊಟ ಆರುತ್ತದೆ.

2025ರ ಜುಲೈನಲ್ಲಿ ಇದು ವಿಪರೀತವಾಯಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ನಮ್ಮ ಬೀದಿಯಲ್ಲೂ ಕೆಲವರಿಗೆ ಬಂತು. ಒಂದು ಸಂಜೆ ಆಪಾ ಇಲ್ಲದಾಗ ಹಣ್ಣಿನಂಗಡಿಯ ಚಾಚಾ ಬಂದರು. ಕಾಮರ್ಸ್ ಓದುತ್ತೇನೆಂಬ ಜಂಬ ನನಗೆ. “ತಾಜಾ ಹಣ್ಣಿಗೆ ಜಿಎಸ್‌ಟಿ ಇಲ್ಲ ಚಾಚಾ, ಫಿಕರ್ ಮಾಡಬೇಡಿ” ಎಂದೆ. ಅವರು ತಲೆ ಸವರಿ, ದುವಾ ಕೊಟ್ಟು ಹೋದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಚಾಚಾ ಆ ನೋಟಿಸನ್ನು ಮಡಚಿ ಗಲ್ಲಾದೊಳಗೆ ಇಟ್ಟುಬಿಟ್ಟರು. ವಿಷಯ ತಿಳಿದಾಗ ಆಪಾ ಗಾಬರಿಯಾದಳು. ತೆರಿಗೆ ಇರಲಿ ಬಿಡಲಿ, ನೋಟಿಸಿಗೆ ಉತ್ತರ ಕೊಡಲೇಬೇಕು. ಮೇಲಾಗಿ ಚಾಚಾ ಜ್ಯೂಸನ್ನೂ ಮಾರುತ್ತಾರೆ. ಅದಕ್ಕೆ ಹಣ್ಣಿನ ವಿನಾಯಿತಿ ಇಲ್ಲ. ಉಳಿದದ್ದು ಎರಡೇ ದಿನ. ಆಪಾ ಎರಡು ರಾತ್ರಿ ಕೂತು ಖರೀದಿ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ಮಗ ಮನೆಖರ್ಚಿಗೆ ಕಳಿಸಿದ ಹಣವನ್ನು ಮಾರಾಟದ ಹಣದಿಂದ ಬೇರ್ಪಡಿಸಿ ಉತ್ತರ ಬರೆದಳು.

ನನ್ನನ್ನು ಬೈಯಲಿಲ್ಲ. “ಬಾಗಿಲಲ್ಲಿ ನಿಂತು ಕೊಡುವ ಸಲಹೆ ಹೀಗೇ. ಅವರೂ ಅರ್ಧ ಹೇಳುತ್ತಾರೆ, ನಾವೂ ಅರ್ಧ ಹೇಳುತ್ತೇವೆ. ನಷ್ಟ ಮಾತ್ರ ಪೂರ್ತಿ ಅವರದು” ಎಂದಳು.

ಈಗ ಯಾರೇ ಬಂದರೂ ಆಪಾ ಸಲಾಂ ಹೇಳಿ, ನಗುತ್ತಲೇ, “ಕಾಗದ ನೋಡದೆ ಹೇಳಿದರೆ ನಿಮಗೇ ತೊಂದರೆ. ಭಾನುವಾರ ಹತ್ತು ಗಂಟೆಗೆ ಎಲ್ಲ ತನ್ನಿ” ಎನ್ನುತ್ತಾಳೆ. ಫೀಸು ಎಷ್ಟೆಂದು ಮೊದಲೇ ತಿಳಿಸುತ್ತಾಳೆ. ಕೊಡಲಾಗದವರಿಗೆ ತಿಂಗಳ ಮೊದಲ ಭಾನುವಾರ ಉಚಿತ. ಅವರ ಕಾಗದವನ್ನೂ ಅಷ್ಟೇ ಗಮನದಿಂದ ನೋಡುತ್ತಾಳೆ. ಪಕ್ಕದ ಬೀದಿಯವರೊಬ್ಬರು “ಮನೆಯವರಿಗೂ ಫೀಸಾ?” ಎಂದು ಮುನಿಸಿಕೊಂಡು ಹೋದವರು ಇನ್ನೂ ಮಾತಾಡುತ್ತಿಲ್ಲ. ಅಮ್ಮಿಗೆ ಅದರ ಬೇಸರವಿದೆ. ಆದರೆ ಆಪಾ ಈಗ ಬಿಸಿ ಊಟ ಮಾಡುತ್ತಾಳೆ.

ನನ್ನನ್ನೂ ಜನ ಕೇಳುತ್ತಾರೆ. “ನನಗೆ ಗೊತ್ತಿಲ್ಲ, ಭಾನುವಾರ ಆಪಾಳನ್ನು ಕೇಳಿ” ಎನ್ನುತ್ತೇನೆ. ಮೊದಲು ಹಾಗೆನ್ನಲು ನಾಚಿಕೆಯಾಗುತ್ತಿತ್ತು. ಈಗ ಚಾಚಾನ ಗಲ್ಲಾ ನೆನಪಾಗುತ್ತದೆ.