ಬೆಂಕಿ ರೋಗ ಮತ್ತು ಗಿಬ್ಬನ್

ಹೈದರಾಬಾದಿನ ರಾಜೇಂದ್ರನಗರದ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಬೆಂಕಿ ರೋಗವನ್ನು ಬೇಕೆಂದೇ ಬರಿಸುತ್ತಾರೆ. ಬೇಗ ರೋಗ ತಗಲುವ ತಳಿಯನ್ನು ಸುತ್ತ ಬೆಳೆಸಿ, ಮಡಿಯನ್ನು ತೇವವಾಗಿಟ್ಟು, ಹೊಸ ತಳಿಗಳಲ್ಲಿ ಯಾವುದು ತಾಳುತ್ತದೆಂದು ನೋಡುತ್ತಾರೆ. ಅಲ್ಲಿಗೆ ಹತ್ತಿರದ ಅತ್ತಾಪುರದಲ್ಲಿ ಸಿಸಿಎಂಬಿಯ ಲಾಕೋನ್ಸ್ ಪ್ರಯೋಗಾಲಯವಿದೆ. ಅಳಿವಿನಂಚಿನ ಪ್ರಾಣಿಗಳ ಜೀವಕೋಶಗಳನ್ನು ಅಲ್ಲಿ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಕಾಪಿಡುತ್ತಾರೆ. ಒಂದೇ ಊರು, ಒಂದು ಕಡೆ ಸೋಲಿಸಲೆಂದು ಸಾಕುವುದು, ಇನ್ನೊಂದು ಕಡೆ ಉಳಿಸಲೆಂದು.

ಅಳಿವಿನಂಚಿನಲ್ಲಿರುವ ಹೂಲಾಕ್ ಗಿಬ್ಬನ್ ಭಾರತದ ಏಕೈಕ ಬಾಲವಿಲ್ಲದ ವಾನರ. ಅದಕ್ಕೂ ಭತ್ತದ ಎಲೆಯಲ್ಲಿ ಕಣ್ಣಿನಾಕಾರದ ಚುಕ್ಕೆ ಮೂಡಿಸುವ ಶಿಲೀಂಧ್ರಕ್ಕೂ ಎಲ್ಲಿಯ ನಂಟು? ಇದೆ. ವಂಶವೃಕ್ಷದಲ್ಲಿ ಶಿಲೀಂಧ್ರ ತಾನು ತಿನ್ನುವ ಭತ್ತಕ್ಕಿಂತ ಗಿಬ್ಬನ್‌ಗೇ ಹತ್ತಿರದ ದಾಯಾದಿ.

ಇನ್ನೊಂದು ಹೋಲಿಕೆ ವಿಚಿತ್ರವಾದದ್ದು. ಶಿಲೀಂಧ್ರದ ಜೀನೋಮ್ ವಿವರ 2005ರಲ್ಲಿ ಪ್ರಕಟವಾಯಿತು. ಹೂಲಾಕ್ ಬಳಗದ ಬಿಳಿಗೆನ್ನೆಯ ಗಿಬ್ಬನ್‌ನದು 2014ರಲ್ಲಿ. ಎರಡರಲ್ಲೂ ಜಾಗ ಬದಲಿಸುವ ಡಿಎನ್‌ಎ ತುಣುಕುಗಳ ಕಾರುಬಾರು. ಗಿಬ್ಬನ್‌ಗಳ ವರ್ಣತಂತುಗಳು ಒಡೆದು ಕೂಡಿ, ಹೂಲಾಕ್‌ಗೆ 38 ಇದ್ದರೆ ಬಿಳಿಗೆನ್ನೆಯದಕ್ಕೆ 52. ಇದರಲ್ಲಿ ಅಂಥ ತುಣುಕುಗಳ ಕೈವಾಡವಿದೆಯೆಂಬುದು ವಿಜ್ಞಾನಿಗಳ ಅನುಮಾನ. ಶಿಲೀಂಧ್ರದಲ್ಲಿ, ಭತ್ತವು ಶತ್ರುವನ್ನು ಗುರುತು ಹಿಡಿಯುವ ವಂಶವಾಹಿಯೊಳಗೇ ಒಂದು ತುಣುಕು ನುಗ್ಗಿ ಕೂತರೆ ಸಾಕು, ಗುರುತು ಅಳಿಸಿತು. ಸಂಶೋಧಕರು ವರ್ಷಗಟ್ಟಲೆ ದುಡಿದು ತಂದ ನಿರೋಧಕ ತಳಿಗೂ ರೋಗ ಬಂತು.

ವ್ಯತ್ಯಾಸವಿರುವುದು ಕಾಲದಲ್ಲಿ. ತೇವದ ರಾತ್ರಿಯಲ್ಲಿ ಒಂದೇ ಚುಕ್ಕೆ ಸಾವಿರಾರು ಬೀಜಕಣ ಉದುರಿಸುತ್ತದೆ. ವಾರದೊಳಗೆ ಮುಂದಿನ ಪೀಳಿಗೆ ಸಿದ್ಧ. ಸಿಂಧನೂರು, ಗಂಗಾವತಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುತ್ತಿಗೆಗೆ ಬಂದ ಬೆಂಕಿ ರೋಗ ತೆನೆಯನ್ನೇ ಜೊಳ್ಳಾಗಿಸುತ್ತದೆ. ಹೂಲಾಕ್ ತಾಯಿಗಾದರೋ ಎರಡು ಮೂರು ವರ್ಷಕ್ಕೊಂದು ಮರಿ, ಅದು ಪ್ರಾಯಕ್ಕೆ ಬರಲು ಏಳೆಂಟು ವರ್ಷ. ಸಾವಿರಾರು ಬೀಜಕಣಗಳಲ್ಲಿ ಒಂದಕ್ಕೆ ಅದೃಷ್ಟ ಖುಲಾಯಿಸಿದರೂ ಶಿಲೀಂಧ್ರ ಗೆದ್ದಂತೆ. ಗಿಬ್ಬನ್‌ಗೆ ಅಂಥ ಜೂಜಾಡುವಷ್ಟು ಮಕ್ಕಳಿಲ್ಲ.

ಹೆಪ್ಪುಗಟ್ಟಿಸಿದ ಜೀವಕೋಶ ಒಳ್ಳೆಯ ಕೆಲಸವೇ. ಆದರೆ ಅದಕ್ಕೆ ಕೊಂಬೆ ಬೇಡ, ಗಿಬ್ಬನ್‌ಗೆ ಬೇಕು. ಅಸ್ಸಾಮಿನ ಜೋರ್ಹಾಟ್ ಬಳಿಯ ಹೊಲ್ಲೊಂಗಾಪಾರ್ ಅಭಯಾರಣ್ಯ ಸುಮಾರು 21 ಚದರ ಕಿಲೋಮೀಟರಿನದು. ಅದನ್ನು ಸೀಳಿಕೊಂಡು ರೈಲು ಹಳಿ ಹೋಗಿದೆ. ನೆಲಕ್ಕಿಳಿಯಲು ಅಂಜುವ ಹೂಲಾಕ್‌ಗಳ ಕೆಲವು ಕುಟುಂಬಗಳು ಹಳಿಯ ಆಚೆ, ಉಳಿದವು ಈಚೆ.