ಒಂದು ತೊಲೆ, ಎರಡು ಕೊಂಡಿ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದು, ತಟ್ಟೆ ಇಡ್ಲಿ ತಿಂದು, ಬಿಂಡಿಗನವಿಲೆ ಕಡೆ ಹೊರಟಿದ್ದ ಆಟೊ ಹತ್ತಿದೆ. ಚೀಲದಲ್ಲಿ ಟಾರ್ಚು, ಅಳತೆ ಟೇಪು, ಸವೆದ ಟೂತ್‌ಬ್ರಷ್ಷು. ಪಕ್ಕದಲ್ಲಿದ್ದವರು “ಗರುಡನ ಗುಡಿಗಾ?” ಅಂದರು. ಬೇರೆ ಕಡೆ ದೇವರನ್ನು ಹೊರುವ ಗರುಡ ಈ ಊರಲ್ಲಿ ತಾನೇ ತೇರೇರುತ್ತಾನೆ. ಗುಡಿ ಚನ್ನಕೇಶವನದಾದರೂ ಹರಕೆಯೆಲ್ಲ ಅವನಿಗೇ. “ಅಲ್ಲಿಗೂ ಹೋಗ್ತೀನಿ, ಮೊದಲು ಒಂದು ಮನೆ ನೋಡ್ಬೇಕು” ಅಂದೆ.

ಅದು ನಮ್ಮಜ್ಜಿಯ ತವರು. ಅದರ ಪಡಸಾಲೆಯ ಕಬ್ಬಿಣದ ತೊಲೆಯ ಬಗ್ಗೆ ನಮ್ಮಲ್ಲಿ ಮದುವೆ ಮುಂಜಿಗಳಲ್ಲೆಲ್ಲ ವಾದ ಏಳುತ್ತದೆ. ತೊಲೆ ಗ್ಲಾಸ್ಗೊದಿಂದ ಮೈಸೂರು ಅರಮನೆಯ ಕಂಬಗಳ ಜೊತೆಯಲ್ಲೇ ಬಂದದ್ದು ಅನ್ನುವುದು ದೊಡ್ಡಪ್ಪನ ಪಟ್ಟು. 1897ರಲ್ಲಿ ಹಳೇ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ಕಟ್ಟಿಸಿದ ಹೊಸದರ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೊದ ಮ್ಯಾಕ್‌ಫರ್ಲೇನ್ ಕಾರ್ಖಾನೆಯವು, ಅದೇನೋ ನಿಜ. ಆದರೆ ಅರಮನೆಗೆ ಬಂದ ಕಬ್ಬಿಣ ಮಿಕ್ಕಿ ಬಿಂಡಿಗನವಿಲೆ ಶ್ಯಾನುಭೋಗರ ಪಾಲಾಯಿತು ಎಂದು ನಂಬುವುದಕ್ಕೆ ದೊಡ್ಡಪ್ಪನಷ್ಟು ಪ್ರೀತಿ ಬೇಕು.

ಮನೆಯ ತಲೆಬಾಗಿಲು ಹಾಗೇ ಇದೆ. ಕದದ ತುಂಬ ದಪ್ಪ ತಲೆಯ ಮೊಳೆಗಳು, ಒಂದರ ತಲೆಯ ಹಾಗೆ ಇನ್ನೊಂದರದಿಲ್ಲ. ತೊಟ್ಟಿಯ ಮೇಲೆ ಈಗ ಶೀಟು ಬಂದಿದೆ. ಈಗ ಮನೆ ಯಾರದೋ ಅವರ ಯಜಮಾನಿ ನನ್ನ ಟೂತ್‌ಬ್ರಷ್ ನೋಡಿ ಸ್ವಲ್ಪ ಅನುಮಾನಿಸಿದರು. ಆಮೇಲೆ ಏಣಿ ತಂದುಕೊಟ್ಟು, “ಬಿದ್ಗಿದ್ದೀರ ಸ್ವಾಮಿ” ಅಂತ ಕೆಳಗೆ ಹಿಡಿದುಕೊಂಡರು.

ತೊಲೆಯ ಮೇಲೆ ವರ್ಷವರ್ಷದ ಸುಣ್ಣ ಹಪ್ಪಳದಂತೆ ಕೂತಿತ್ತು. ನಾಣ್ಯದಲ್ಲಿ ಕೆರೆದು ಬ್ರಷ್ಷಿನಲ್ಲಿ ಉಜ್ಜಿದಾಗ ಉಬ್ಬಕ್ಷರ ಒಂದೊಂದೇ ಎದ್ದವು. ಗ್ಲಾಸ್ಗೊ ಇರಲಿಲ್ಲ. ಡಾರ್ಮನ್ ಲಾಂಗ್, ಮಿಡಲ್ಸ್‌ಬರೋ, ಇಂಗ್ಲೆಂಡ್ ಅಂತಿತ್ತು. 1932ರಲ್ಲಿ ಸಿಡ್ನಿಯ ದೊಡ್ಡ ಕಮಾನು ಸೇತುವೆ ಕಟ್ಟಿ ಮುಗಿಸಿದ ಕಂಪನಿ. ಅರಮನೆಯ ಕಂಬ ಅಚ್ಚಿಗೆ ಹೊಯ್ದ ಎರಕ. ಇದು ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ಒತ್ತಿ ಎಳೆದ ಉಕ್ಕು. ಎರಡಕ್ಕೂ ಸಂಬಂಧವೇ ಇಲ್ಲ. ದೊಡ್ಡಪ್ಪನಿಗೆ ಹೇಗೆ ಹೇಳುವುದು ಅನ್ನುವ ಚಿಂತೆ ಏಣಿಯ ಮೇಲೇ ಹತ್ತಿಕೊಂಡಿತು.

1882ರ ಹೊತ್ತಿಗೆ ರೈಲು ಬೆಂಗಳೂರಿಂದ ಮೈಸೂರು ಮುಟ್ಟಿತ್ತು. ಮಂಡ್ಯ ಸ್ಟೇಷನ್ನಿನಲ್ಲಿ ಇಳಿಸಿದ ತೊಲೆಯನ್ನು ಒಂದರ ಹಿಂದೊಂದು ಎರಡು ಎತ್ತಿನ ಗಾಡಿಗಳ ಮೇಲೆ ಮಲಗಿಸಿ ತಂದರಂತೆ. ತಿರುವುಗಳಲ್ಲಿ ಗಾಡಿ ಹೊಡೆಯುವವರ ಬೈಗುಳ ಅಜ್ಜಿಗೆ ಅವರಪ್ಪನಿಂದ ಬಾಯಿಪಾಠವಾಗಿತ್ತು. ಶ್ರವಣಬೆಳಗೊಳದ ಮೇಲಿನ ಬೆಂಗಳೂರು–ಹಾಸನ ಮಾರ್ಗದಲ್ಲಿ ಈ ತಾಲ್ಲೂಕಿಗೆ ರೈಲು ಬಂದದ್ದು 2017ರಲ್ಲಿ.

ತೊಲೆಗಿಂತ ಚೆಂದದ ಕೆಲಸ ಅದಕ್ಕೆ ಸಿಕ್ಕಿಸಿದ್ದ ಉಯ್ಯಾಲೆಯ ಎರಡು ಕೊಂಡಿಗಳದು. ತೊಲೆಗೆ ಒಂದು ತೂತೂ ಕೊರೆದಿಲ್ಲ. ಒಂದೊಂದು ಕೊಂಡಿಯೂ ತೊಲೆಯ ಕೆಳತುಟಿಯನ್ನು ಎರಡೂ ಕಡೆಯಿಂದ ಏಡಿಯಂತೆ ಕಚ್ಚಿಕೊಂಡಿದೆ. ಬೀದಿಯ ಕೊನೆಯಲ್ಲಿ ಈಗ ವೆಲ್ಡಿಂಗ್ ಅಂಗಡಿ ಇಟ್ಟಿರುವವರ ತಂದೆ, ಎಂಬತ್ತು ದಾಟಿದ ಆಚಾರ್ರು, ಬಂದು ನೋಡಿದರು. ಏಣಿ ಬೇಡವೆಂದು ಕೋಲಿನಿಂದ ಕುಟ್ಟಿ ಸದ್ದು ಕೇಳಿದರು.

“ಇದು ಕುಲುಮೇದು ಸ್ವಾಮಿ. ಕತ್ತಿನತ್ರ ಗೆರೆ ಕಾಣ್ತದಲ್ಲ? ಎರಡು ತುಂಡು ಬೆಳ್ಳಗೆ ಕಾಯ್ಸಿ, ಬಡ್ದು ಬೆಸೆದವ್ರೆ. ತಿದಿ ಒತ್ತೋನು ಒಂದು ಗಳಿಗೆ ಆಕಳಿಸಿದ್ರೂ ಕೂಡ್ತಿರ್ಲಿಲ್ಲ.”

“ಕಬ್ಬಿಣ ಎಲ್ಲೀದು ಆಚಾರ್ರೆ?”

“ತೊಲೆ ಸೀಮೇದು. ಕೊಂಡಿ ಕಬ್ಬಿಣ ಯಾವ ಗಾಡಿ ಪಟ್ಟಿಯೋ, ಯಾವ ಗುಳವೋ!”

ಸೀಮೆಎಣ್ಣೆ, ಸೀಮೆಸುಣ್ಣದ ಸಾಲಿನಲ್ಲಿ ಸೀಮೆ ಕಬ್ಬಿಣ. 1800ರಲ್ಲಿ ಮೈಸೂರು ರಾಜ್ಯ ಸುತ್ತಲು ಹೊರಟ ಬುಕನನ್ ಮಾಗಡಿ ಸುತ್ತಿನಲ್ಲಿ ಕರಿಮರಳು ಕರಗಿಸಿ ಕಬ್ಬಿಣ ತೆಗೆಯುವವರನ್ನು ಕಂಡು ಬರೆದಿಟ್ಟಿದ್ದಾನೆ. ಸೀಮೆಯ ಅಗ್ಗದ ಪಟ್ಟಿಗಳು ಬಂದ ಮೇಲೆ ಆ ಒಲೆಗಳು ಆರಿದವು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ ಹಳ್ಳಿಯ ಕಮ್ಮಾರರಿಗೆ ಉಳಿದದ್ದು ಕರಗಿಸುವ ಕೆಲಸವಲ್ಲ, ಬಡಿಯುವ ಕೆಲಸ ಮಾತ್ರ.

ಮನೆಯವರು ಹೊರಟದ್ದು ಒಂದೇ ಸಲಕ್ಕಲ್ಲ. ಗಂಡುಮಕ್ಕಳು ಓದಿಗೆಂದು ಮೊದಲೇ ಮೈಸೂರು ಸೇರಿದ್ದರು. 1961ರ ಕಾಯ್ದೆ ಶ್ಯಾನುಭೋಗಿಕೆಯನ್ನು ತೆಗೆಯಿತು, 1974ರ ಭೂಸುಧಾರಣೆಯಲ್ಲಿ ಗದ್ದೆ ಉಳುವವರದಾಯಿತು. ಆಗಬೇಕಾದದ್ದೇ ಆಯಿತು ಅಂತ ನನ್ನ ಲೆಕ್ಕ. ಅಜ್ಜಿ ಮಾತ್ರ ಒಪ್ಪಲಿಲ್ಲ. ಊರು ಬಿಟ್ಟವರು ಊರ ಹೆಸರನ್ನು ಇನಿಷಿಯಲ್ಲಿನಲ್ಲಿ ಕಟ್ಟಿಕೊಂಡು ಹೋದರು. ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ‘ಬಿ’ ಕೂಡ ಬಿಂಡಿಗನವಿಲೆಯೇ.

ನಮ್ಮವರು ಹಿತ್ತಾಳೆ ಹಂಡೆ, ಬೀಟೆ ಹಲಗೆ, ಉಯ್ಯಾಲೆಯ ಸರಪಳಿ ಎಲ್ಲ ಲಾರಿಗೆ ಹೇರಿದರು. ಕೊಂಡಿ ಬಿಚ್ಚಲು ಬರಲಿಲ್ಲ. ಈಗ ಒಂದರಲ್ಲಿ ಬಿತ್ತನೆ ಜೋಳದ ತೆನೆಗೊಂಚಲು, ಇನ್ನೊಂದರಲ್ಲಿ ಸೀರೆಯ ಜೋಲಿ. ಜೋಲಿಯೊಳಗೆ ಮೊಮ್ಮಗು ನಿದ್ದೆ ಮಾಡುತ್ತಿತ್ತು. ನಾನು ಉದುರಿಸಿದ ಸುಣ್ಣ ಅದರ ಮೇಲೆ ಬೀಳದಂತೆ ಆಯಮ್ಮ ಮೊದಲೇ ಟವೆಲ್ಲು ಹೊದಿಸಿದ್ದರು.

“ಸರಪಳಿ ನಮ್ಮನೇಲೇ ಇದೆ ಕಣಮ್ಮ. ಬೆಂಗಳೂರಿನ ಫ್ಲಾಟಲ್ಲಿ ನೇತುಹಾಕೋಕೆ ಜಾಗ ಇಲ್ಲ, ಗೋಣಿಚೀಲದಲ್ಲಿ ಕಟ್ಟಿಟ್ಟಿದೀವಿ” ಅಂದೆ.

“ಸುಮ್ನೆ ಬಿದ್ದದಾ?” ಅಂದರು. “ಅಂಗಾದ್ರೆ ಬರೋವಾಗ ತಂದ್ಬುಡಿ ಸ್ವಾಮಿ. ನಮ್ಮೆಮ್ಮೆ ಯಾವ ಹಗ್ಗಾನೂ ಉಳ್ಸಾಕಿಲ್ಲ.”