ಬೆಟ್ಟವಿಳಿಯುವ ಜಾವಾ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಮೋಟಾರು ಸೈಕಲ್ಲುಗಳು ಮಾತ್ರ ನಿಲ್ಲಲಿಲ್ಲ. 1961ರಿಂದ ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ ಹೊರಬಂದ ಈ ಬಂಡಿಗಳು ಇಂದಿಗೂ ಮುಂಜಾನೆಯ ಹೊತ್ತು ಚಾಮುಂಡಿ ಬೆಟ್ಟವನ್ನೇರುವುದುಂಟು.

ಏರುವುದೇನೂ ದೊಡ್ಡದಲ್ಲ, ಒಡೆಯನಿಗೆ ಪರೀಕ್ಷೆ ಇಳಿಯುವಾಗ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಇದರ ಪಿಸ್ಟನ್ನಿಗೆ ಆಧಾರ. ಕೆಳಗೆ ಲಲಿತಮಹಲೂ ಕುದುರೆ ಪಂದ್ಯದ ಬಯಲೂ ಕಣ್ಣಿಗೆ ಹಬ್ಬವಾಗಿರುವಾಗ ಸವಾರನು ಯಂತ್ರವನ್ನು ಮರೆಯುವುದು ಸಹಜ. ಆದರೆ ಇಳಿಜಾರಿನುದ್ದಕ್ಕೂ ಪೆಟ್ರೋಲಿನ ಹಿಡಿಯನ್ನು ಮುಚ್ಚಿ ಗೇರಿನಲ್ಲಿಯೇ ಬಂದರೆ, ಪೆಟ್ರೋಲಿನೊಡನೆ ಎಣ್ಣೆಯೂ ಬತ್ತಿ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವ ಭಯವಿದೆ. ಬಲ್ಲವರು ಆಗಾಗ ಹಿಡಿಯನ್ನು ತುಸು ತಿರುವಿ ಒಂದು ಗುಟುಕು ಕುಡಿಸುತ್ತಾರೆ. ನೋಡುವವರಿಗೆ ಇದು ಹುಡುಗಾಟವೆಂದು ತೋರೀತು!

ಬದಿಯ ಚರ್ಮದ ಚೀಲ, ಹೊಳೆಯುವ ಗಾರ್ಡು, ಜೋಡಿ ಕನ್ನಡಿ, ಇವೆಲ್ಲ ಅಲಂಕಾರ. ಚೀಲದೊಳಗಿನ ಒಂದು ಸ್ಪಾರ್ಕ್ ಪ್ಲಗ್ಗು, ಅದನ್ನು ಬಿಚ್ಚುವ ಸ್ಪ್ಯಾನರು, ಇವೇ ಅವಶ್ಯಕ. ಎಣ್ಣೆ ಹೆಚ್ಚಿದರೆ ಪ್ಲಗ್ಗು ಮಸಿಗಟ್ಟಿ ಬಂಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಕಡಮೆಯಾದರೆ ಪಿಸ್ಟನ್ನೇ ಹೋಗುತ್ತದೆ. ಪ್ಲಗ್ಗಾದರೆ ಅಂಗಡಿಯಲ್ಲಿ ಸಿಕ್ಕೀತು. ಹಳೆಯ ಪಿಸ್ಟನ್ನಿಗೆ ಊರೆಲ್ಲ ಅಲೆಯಬೇಕು.

ಬೆಟ್ಟದ ಬುಡದಲ್ಲಿ ಬಂಡಿ ನಿಂತಾಗ ಒಡೆಯನು ಕನ್ನಡಿಯನ್ನು ಒರೆಸುವುದಿಲ್ಲ; ಬಗ್ಗಿ ಸಿಲಿಂಡರಿನ ಸದ್ದಿಗೆ ಕಿವಿಗೊಡುತ್ತಾನೆ.